ಐಸ್ ಹಿಡಿದ ಕಾರಿನ ಮುಚ್ಚಳಕ್ಕೆ ಬಿಸಿನೀರು ಸುರಿಯಬಹುದೇ? ಕಡೂರಿನಿಂದ ಕೆನಡಾಕ್ಕೆ ಹೋಗುವ ಫಾರ್ವರ್ಡ್‌ನ ಅಸಲಿಯತ್ತು

ಡಿಸೆಂಬರ್ ಬಂತೆಂದರೆ ನಮ್ಮ ವಾಟ್ಸಾಪ್‌ನಲ್ಲೂ ಹಿಮ ಬೀಳಲು ಶುರುವಾಗುತ್ತದೆ. ಎಲ್ಲೋ ವಿದೇಶದಲ್ಲಿ ಒಂದು ಕಾರು, ಮೈತುಂಬ ಐಸ್. ಬಾಗಿಲಿನ ಹ್ಯಾಂಡಲ್ ಹೊರಗೆ ಬರುತ್ತಿಲ್ಲ, ಚಾರ್ಜಿಂಗ್ ಜಾಗದ ಮುಚ್ಚಳ ತೆರೆಯುತ್ತಿಲ್ಲ. ಒಬ್ಬರು ಕೆಟಲ್ ತಂದು ಕುದಿಯುವ ನೀರು ಸುರಿಯುತ್ತಾರೆ. ಮುಚ್ಚಳ ಟಕ್ ಎಂದು ತೆರೆದುಕೊಳ್ಳುತ್ತದೆ, ವಿಡಿಯೋ ಮುಗಿಯುತ್ತದೆ. ಜೊತೆಗೆ ಬರುವ ಬರಹ ಒಂದೊಂದು ಸಲ ಒಂದೊಂದು ಥರ. ಕೆಲವದರಲ್ಲಿ ‘ವಿದೇಶದಲ್ಲಿರುವ ನಿಮ್ಮ ಮಕ್ಕಳಿಗೆ ತಪ್ಪದೇ ಕಳಿಸಿ’ ಎಂದಿರುತ್ತದೆ. ಕೆಲವದರಲ್ಲಿ ಬಿಸಿನೀರಿನ ಬದಲು ಸಿಗರೇಟ್ ಲೈಟರ್. ಇನ್ನು ಕೆಲವದರಲ್ಲಿ ‘ಇದಕ್ಕೇ ಹೇಳಿದ್ದು, ಎಲೆಕ್ಟ್ರಿಕ್ ಕಾರು ತಗೋಬೇಡಿ ಅಂತ’ ಎಂಬ ತೀರ್ಪು.

ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಹಿಮವೂ ಬೀಳುವುದಿಲ್ಲ, ಕಾರಿನ ಮೇಲೆ ಐಸೂ ಕಟ್ಟುವುದಿಲ್ಲ. ಹಾಗಿದ್ದರೂ ಈ ವಿಡಿಯೋ ಇಲ್ಲಿಗೆ ಬಂದು ಸುಮ್ಮನೆ ಕೂರುವುದಿಲ್ಲ. ‘ಪುಟ್ಟಾ, ಇದನ್ನ ನೋಡ್ಕೋ’ ಎಂದು ಅಮ್ಮನ ಫೋನಿನಿಂದ ಟೊರಾಂಟೊದಲ್ಲಿರುವ ಮಗನಿಗೆ, ಮ್ಯೂನಿಕ್‌ನಲ್ಲಿರುವ ಸೊಸೆಗೆ ಹೋಗುತ್ತದೆ. ಸ್ನೇಹಿತರ ಜೊತೆ ಕಾರಿನಲ್ಲಿ ಲೇಹ್‌ಗೆ ಹೊರಟವರಿಗೂ ಹೋಗುತ್ತದೆ. ಅಲ್ಲಿರುವವರು ಇದನ್ನು ನಿಜವಾಗಿಯೂ ಮಾಡಿ ನೋಡಬಹುದು.

ಮೊದಲು ಚುಟುಕು ಉತ್ತರ. ಬಿಸಿನೀರು ಬೇಡ. ಲೈಟರ್ ಖಂಡಿತ ಬೇಡ. ಎಲೆಕ್ಟ್ರಿಕ್ ಕಾರಿನ ಕುರಿತ ಮಾತು ಬಹುಪಾಲು ಸುಳ್ಳು, ಆದರೆ ಅದರೊಳಗೆ ಒಂದು ನಿಜ ಅಡಗಿದೆ. ಅದು ನಮ್ಮೂರಿನ ಕಾರುಗಳಿಗೂ ಸಂಬಂಧಪಟ್ಟದ್ದು.

ಅಂಟಿಸುವುದು ಚಳಿಯಲ್ಲ, ನೀರು

ಒಣಗಿರುವ ಮುಚ್ಚಳ ಮೈನಸ್ 20 ಡಿಗ್ರಿಯಲ್ಲೂ ಸಾಮಾನ್ಯವಾಗಿ ತೆರೆಯುತ್ತದೆ. ಒದ್ದೆಯಾಗಿರುವ ಮುಚ್ಚಳ ಮೈನಸ್ 2ರಲ್ಲೇ ಕೈಕೊಡಬಹುದು. ಹಗಲು ಸ್ವಲ್ಪ ಬಿಸಿಲು ಬಂದು ಹಿಮ ಕರಗುತ್ತದೆ, ಅಥವಾ ಸಂಜೆ ಮಳೆ ಬರುತ್ತದೆ, ಅಥವಾ ಕಾರು ತೊಳೆಸಿರುತ್ತಾರೆ. ನೀರು ಮುಚ್ಚಳದ ಸುತ್ತಲಿನ ಸಂದಿಗೆ ಇಳಿಯುತ್ತದೆ. ರಾತ್ರಿ ತಾಪಮಾನ ಶೂನ್ಯಕ್ಕಿಂತ ಕೆಳಗಿಳಿದರೆ ಅದು ಅಲ್ಲೇ ಗಡ್ಡೆ ಕಟ್ಟುತ್ತದೆ.

ನೀರು ಸಂದಿಯಿಂದ ಹರಿದು ಹೋಗಬಾರದೇಕೆ? ತೊಳೆದ ಸ್ಟೀಲ್ ಲೋಟಗಳನ್ನು ಒದ್ದೆಯಲ್ಲೇ ಒಂದರೊಳಗೊಂದು ಇಟ್ಟು ನೋಡಿ. ನಡುವೆ ತೆಳುವಾದ ನೀರಿನ ಪದರ ಉಳಿದಿರುತ್ತದೆ, ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಎರಡು-ಮೂರು ಮಿಲಿಮೀಟರ್‌ಗಿಂತ ಕಿರಿದಾದ ಸಂದಿಯಲ್ಲಿ ನೀರಿನ ಅಂಟುಗುಣ ಗುರುತ್ವದ ಸೆಳೆತವನ್ನೂ ಮೀರಿಸುತ್ತದೆ. ಹೊಸ ಕಾರುಗಳಲ್ಲಿ ‘ಎಷ್ಟು ಸಣ್ಣ ಗ್ಯಾಪ್ ನೋಡಿ’ ಎಂದು ಶೋರೂಮಿನವರು ಹೆಮ್ಮೆಯಿಂದ ತೋರಿಸುವ ಸಂದಿಗಳು ಹೆಚ್ಚುಕಡಿಮೆ ಈ ಅಳತೆಯವೇ.

ಗಟ್ಟಿಯಾಗುವಾಗ ನೀರು ಸುಮಾರು 9 ಶೇಕಡ ಹಿಗ್ಗುತ್ತದೆ. ಲೋಹ, ಬಣ್ಣ, ರಬ್ಬರ್ ಬೀಡಿಂಗ್ ಮೇಲಿನ ಕಣ್ಣಿಗೆ ಕಾಣದ ಗೀರುಗಳೊಳಗೆಲ್ಲ ಅದು ಬೇರು ಬಿಟ್ಟು ಹಿಡಿದುಕೊಳ್ಳುತ್ತದೆ. ಫ್ರೀಜರ್‌ನಲ್ಲಿ ಐಸ್ ಟ್ರೇ ತಳಕ್ಕೆ ಕಚ್ಚಿಕೊಳ್ಳುವುದೂ ಹೀಗೆಯೇ.

ವಿಡಿಯೋ ಮುಗಿದ ಮೇಲೆ ಏನಾಯಿತು?

ಬಿಸಿನೀರು ಸುರಿದರೆ ಐಸ್ ಕರಗುವುದು ನಿಜ, ಮುಚ್ಚಳ ತೆರೆಯುವುದೂ ನಿಜ. ವಿಡಿಯೋ ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಸುರಿದ ನೀರು ಬಾಗಿಲಿನ ಬೀಗ, ಕೀಲು, ಕೇಬಲ್‌ಗಳ ಮೇಲೆ ಇಳಿದು, ಕೆಲವೇ ನಿಮಿಷದಲ್ಲಿ ತಣ್ಣಗಾಗಿ, ಮೊದಲಿಗಿಂತ ಆಳದಲ್ಲಿ ಗಡ್ಡೆ ಕಟ್ಟುತ್ತದೆ. ಬೆಳಿಗ್ಗೆ ತೆರೆದ ಮುಚ್ಚಳ ಸಂಜೆ ಇನ್ನೂ ಬಿಗಿಯಾಗಿರುತ್ತದೆ. ಆ ಭಾಗವನ್ನು ಯಾರೂ ಶೂಟ್ ಮಾಡುವುದಿಲ್ಲ.

ಗಾಜಿನ ಮೇಲೆ ಬಿದ್ದರೆ ಇನ್ನೂ ಕೆಟ್ಟದ್ದು. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಹಾಕಿದಾಗ ಚಟ್ಟೆಂದು ಸೀಳುವುದನ್ನು ನೋಡಿರುತ್ತೀರಿ. ಒಂದು ಬದಿ ಹಠಾತ್ತಾಗಿ ಹಿಗ್ಗಿ, ಇನ್ನೊಂದು ಬದಿ ಹಿಗ್ಗದೆ ಉಳಿಯುವುದೇ ಕಾರಣ. ಕಾರಿನ ಮುಂಗಾಜಿನಲ್ಲಿ ಆಗಲೇ ಒಂದು ಸಣ್ಣ ಕಲ್ಲೇಟು ಇದ್ದರೆ ಬಿರುಕು ಅಲ್ಲಿಂದಲೇ ಓಡುತ್ತದೆ.

ಲೈಟರ್ ವಿಷಯಕ್ಕೆ ಬರೋಣ. ಹಳೇ ಕಾಲದಲ್ಲಿ ಪೂರ್ತಿ ಲೋಹದ ಕೀಲಿಯನ್ನು ಬಿಸಿ ಮಾಡಿ ಬಾಗಿಲಿನ ಬೀಗಕ್ಕೆ ಹಾಕುತ್ತಿದ್ದುದುಂಟು. ಈಗಿನ ಕೀಲಿಯೊಳಗೆ ಚಿಪ್ ಇದೆ, ಹಿಡಿ ಪ್ಲಾಸ್ಟಿಕ್ಕಿನದು. ಅದನ್ನಾದರೂ ಬಿಡಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಹತ್ತಿರ ಲೈಟರ್ ಹಿಡಿಯುವವರು ಒಂದು ಮಾತು ತಿಳಿದಿರಬೇಕು: ಪೆಟ್ರೋಲ್‌ನ ಆವಿ ಕಿಡಿ ಸೋಕಿದರೆ ಹೊತ್ತಿಕೊಳ್ಳಲು ಸುಮಾರು ಮೈನಸ್ 43 ಡಿಗ್ರಿ ಸಾಕು. ‘ಇಷ್ಟು ಚಳಿಯಲ್ಲಿ ಬೆಂಕಿ ಹತ್ತುತ್ತದಾ’ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

(ಪೆಟ್ರೋಲ್ ಮುಚ್ಚಳದ ಬಗ್ಗೆ ನಮ್ಮಲ್ಲಿ ಬೇಸಿಗೆಗೆ ಬೇರೆಯೇ ಫಾರ್ವರ್ಡ್ ಇದೆ. ಫುಲ್ ಟ್ಯಾಂಕ್ ಮಾಡಿಸಿದರೆ ಸ್ಫೋಟವಾಗುತ್ತದೆ, ದಿನಕ್ಕೊಮ್ಮೆ ಮುಚ್ಚಳ ತೆರೆದು ಗ್ಯಾಸ್ ಬಿಡಿ ಎಂದು ಇಂಡಿಯನ್ ಆಯಿಲ್ ಹೆಸರಲ್ಲಿ ಓಡಾಡುವುದು. ಕಾರು ತಯಾರಿಸಿದವರು ಹೇಳಿದ ಮಿತಿಯವರೆಗೆ ಯಾವ ಕಾಲದಲ್ಲೂ ತುಂಬಿಸಬಹುದು ಎಂದು ಇಂಡಿಯನ್ ಆಯಿಲ್ ತಾನೇ ಸ್ಪಷ್ಟನೆ ಕೊಟ್ಟಿದೆ. ಆದರೂ ಪ್ರತಿ ಏಪ್ರಿಲ್‌ಗೆ ತಪ್ಪದೆ ಬರುತ್ತದೆ.)

ಹಾಗಾದರೆ ಮಗನಿಗೆ ಏನೆಂದು ಬರೆಯಬೇಕು? ಮೊದಲು ಕಾರಿನೊಳಗಿನ ಹೀಟರ್ ಹಾಕಿ ಹತ್ತು-ಹದಿನೈದು ನಿಮಿಷ ಕಾಯಲಿ. ಎಲೆಕ್ಟ್ರಿಕ್ ಕಾರಾದರೆ ಫೋನಿನ ಆ್ಯಪ್‌ನಿಂದಲೇ ಆನ್ ಮಾಡಬಹುದು. ಪೆಟ್ರೋಲ್ ಕಾರಾದರೆ ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸಬಾರದು, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ಆಮೇಲೆ ಮುಚ್ಚಳದ ಸುತ್ತ ಅಂಗೈಯಿಂದಲೋ ಮುಷ್ಟಿಯ ಬದಿಯಿಂದಲೋ ಮೆಲ್ಲಗೆ ಒತ್ತಿ ತಟ್ಟಿದರೆ ಐಸ್ ಬಿರುಕು ಬಿಡುತ್ತದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಬಾರದು. ಚಳಿಗೆ ಪ್ಲಾಸ್ಟಿಕ್ ಪೆಡಸಾಗಿ ಹಪ್ಪಳದಂತೆ ಮುರಿಯುತ್ತದೆ. ಆಲ್ಕೋಹಾಲ್ ಇರುವ ಡಿ-ಐಸರ್ ಸ್ಪ್ರೇ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಆಲ್ಕೋಹಾಲ್ ಬೆರೆತ ನೀರು ಶೂನ್ಯಕ್ಕಿಂತ ಬಹಳ ಕೆಳಗೆ ಹೋಗುವವರೆಗೂ ಗಟ್ಟಿಯಾಗುವುದಿಲ್ಲ. ಹಾಗಾಗಿ ಬಿಸಿನೀರಿನಂತೆ ಅದು ತಿರುಗಿ ಗಡ್ಡೆ ಕಟ್ಟುವ ಭಯ ಕಡಿಮೆ.

ತೆರೆಯುವ ಮುಚ್ಚಳವನ್ನು ಮಾಡುವುದು ಹೇಗೆ?

ನನಗೆ ಈ ವಿಷಯದಲ್ಲಿ ಅತಿ ಕುತೂಹಲ ಹುಟ್ಟಿಸಿದ್ದು ಇದು. ಅಂಗೈಯಗಲದ ಒಂದು ಪ್ಲಾಸ್ಟಿಕ್ ಮುಚ್ಚಳ. ಅದು ಐಸ್‌ನಲ್ಲೂ ತೆರೆಯುವಂತೆ ಮಾಡಲು ಎಂಜಿನಿಯರುಗಳು ಒಂದಕ್ಕೊಂದು ವಿರುದ್ಧವಾದ ಹಲವು ಬೇಡಿಕೆಗಳ ನಡುವೆ ಜಗ್ಗಾಡುತ್ತಾರೆ.

ಮೊದಲ ಜಗ್ಗಾಟ ಸಂದಿಯದೇ. ಅಗಲವಿದ್ದರೆ ನೀರು ಹರಿದು ಹೋಗುತ್ತದೆ, ಆದರೆ ನೋಡಲು ಚೆನ್ನಾಗಿರುವುದಿಲ್ಲ, ಗಾಳಿಯ ಸದ್ದೂ ಜಾಸ್ತಿ. ಹಾಗಾಗಿ ಸಂದಿಯನ್ನು ಸಣ್ಣದಾಗಿಯೇ ಇಟ್ಟು, ಮುಚ್ಚಳದ ಹಿಂದಿನ ಗುಳಿಯನ್ನು ಕೆಳಕ್ಕೆ ವಾಲಿಸಿ, ತಳದಲ್ಲಿ ನೀರು ಹೊರಹೋಗಲು ಒಂದು ತೂತು ಬಿಡುತ್ತಾರೆ. ನಿಮ್ಮ ಕಾರಿನ ಪೆಟ್ರೋಲ್ ಮುಚ್ಚಳ ತೆರೆದು ಗುಳಿಯ ತಳ ನೋಡಿ, ಸಾಮಾನ್ಯವಾಗಿ ಅಂತಹ ತೂತು ಕಾಣುತ್ತದೆ.

ಎರಡನೆಯದು, ಐಸನ್ನು ಯಾವ ದಿಕ್ಕಿನಿಂದ ಒಡೆಯುವುದು ಎಂಬುದು. ಬಾಳೆಲೆಯ ಮೇಲೆ ತಟ್ಟಿದ ಅಕ್ಕಿರೊಟ್ಟಿಯನ್ನು ಕಾವಲಿಗೆ ಹಾಕಿ ಎಲೆ ತೆಗೆಯುವಾಗ ನಾವು ಇಡೀ ಎಲೆಯನ್ನು ಒಮ್ಮೆಗೇ ಮೇಲಕ್ಕೆಳೆಯುವುದಿಲ್ಲ, ಒಂದು ಮೂಲೆಯಿಂದ ಸುಲಿಯುತ್ತೇವೆ. ಐಸ್‌ಗೂ ಅದೇ ನಿಯಮ. ಪೂರ್ತಿ ಅಂಚನ್ನು ಒಟ್ಟಿಗೆ ಕೀಳಲು ಬಹಳ ಬಲ ಬೇಕು; ಒಂದು ತುದಿಯಲ್ಲಿ ಬಿರುಕು ಶುರುಮಾಡಿದರೆ ಅದು ತಾನೇ ಓಡುತ್ತದೆ. ಹಾಗಾಗಿ ಮುಚ್ಚಳವನ್ನು ತಳ್ಳುವ ಕಡ್ಡಿಯನ್ನು ಕೀಲಿನಿಂದ ದೂರದ ತುದಿಯಲ್ಲಿ ಇಟ್ಟರೆ ಕಡಿಮೆ ಬಲದಲ್ಲಿ ಕೆಲಸವಾಗುತ್ತದೆ. ಒಳಕ್ಕೆ ಒತ್ತಿದರೆ ಹೊರಕ್ಕೆ ಚಿಮ್ಮುವ ಮುಚ್ಚಳಗಳು ಇವೆಯಲ್ಲ, ಈಗ ಬಹಳ ಕಾರುಗಳಲ್ಲಿ ಅವೇ. ಅವುಗಳದ್ದೊಂದು ತೊಂದರೆ: ತೆರೆಯಬೇಕಾದರೆ ಮೊದಲು ಒಳಕ್ಕೆ ಸರಿಯಬೇಕು. ಹಿಂದೆ ಐಸ್ ತುಂಬಿದ್ದರೆ ಸರಿಯಲು ಜಾಗವೇ ಇರುವುದಿಲ್ಲ.

ಮೂರನೆಯದು ಮೋಟಾರಿನದು, ಇದೇ ಎಲ್ಲಕ್ಕಿಂತ ಕಷ್ಟದ್ದು. ಚಾರ್ಜಿಂಗ್ ಮುಚ್ಚಳವನ್ನೋ ಹ್ಯಾಂಡಲನ್ನೋ ಮೋಟಾರು ತೆರೆಯುವುದಾದರೆ, ಐಸ್ ಒಡೆಯುವಷ್ಟು ಗಟ್ಟಿಯಾಗಿ ಅದು ತಳ್ಳಬೇಕು. ಅದೇ ಮೋಟಾರು ಮುಚ್ಚುವಾಗ ಮಗುವಿನ ಬೆರಳು ಸಿಕ್ಕಿದರೆ ತಕ್ಷಣ ನಿಲ್ಲಲೂ ಬೇಕು. ತಡೆ ಸಿಕ್ಕಿದೆ ಎಂಬುದು ಮೋಟಾರಿಗೆ ಗೊತ್ತಾಗುವುದು ಅದು ಎಳೆಯುವ ಕರೆಂಟು ಏರಿದಾಗ. ಆದರೆ ಆ ತಡೆ ಐಸೋ ಬೆರಳೋ ಎಂದು ಕರೆಂಟ್ ಹೇಳುವುದಿಲ್ಲ. ಇದಕ್ಕೊಂದು ಉಪಾಯ, ತೆರೆಯುವ ದಿಕ್ಕಿಗೆ ಹೆಚ್ಚು ಬಲ, ಮುಚ್ಚುವ ದಿಕ್ಕಿಗೆ ಕಡಿಮೆ ಬಲ ಕೊಡುವುದು. ಹೊರಗಿನ ತಾಪಮಾನ ಶೂನ್ಯದ ಹತ್ತಿರವಿದ್ದರೆ ಮಾತ್ರ ಸ್ವಲ್ಪ ಹಿಂದೆ ಮುಂದೆ ಅಲುಗಾಡಿಸಿ ಎರಡು ಮೂರು ಸಲ ಪ್ರಯತ್ನಿಸುವಂತೆಯೂ ಮಾಡಬಹುದು. ಅಷ್ಟಕ್ಕೂ ಆಗದಿದ್ದರೆ ಮೋಟಾರು ಸುಟ್ಟುಹೋಗುವ ಮೊದಲು ಸುಮ್ಮನಾಗಬೇಕು.

ಟೆಸ್ಲಾ ತನ್ನ ಕೆಲವು ಕಾರುಗಳಲ್ಲಿ ಚಾರ್ಜಿಂಗ್ ಜಾಗಕ್ಕೇ ಸಣ್ಣ ಹೀಟರ್ ಕೊಟ್ಟಿದೆ. ಚಳಿಯಲ್ಲಿ ಹಿಂಗಾಜಿನ ಡಿಫ್ರಾಸ್ಟ್ ಹಾಕಿದರೆ ಅದೂ ಆನ್ ಆಗುತ್ತದೆ. ಒಳ್ಳೆಯ ಪರಿಹಾರವೇ. ಆದರೆ ಹೀಟರ್‌ಗೆ ಬ್ಯಾಟರಿ ಬೇಕು, ಇಳಿಜಾರಿಗೂ ತೂತಿಗೂ ಏನೂ ಬೇಡ. ಆಯ್ಕೆ ನನ್ನದಾಗಿದ್ದರೆ ಮೊದಲು ತೂತನ್ನು ಸರಿಯಾಗಿ ಕೊರೆಯಿರಿ ಎನ್ನುತ್ತಿದ್ದೆ.

ರಬ್ಬರ್‌ನದ್ದು ಬೇರೆ ಕಥೆ. ಚಳಿಯಲ್ಲಿ ರಬ್ಬರ್ ತನ್ನ ಚಿಮ್ಮುಗುಣ ಕಳೆದುಕೊಳ್ಳುತ್ತದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಮಂದಿ ಸತ್ತದ್ದಕ್ಕೆ, ಆ ದಿನದ ಕೊರೆಯುವ ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಉಂಗುರ ಬೇಗ ಹಿಗ್ಗಿ ಸಂದಿ ಮುಚ್ಚದೇ ಹೋದದ್ದು ಕಾರಣವಾಗಿತ್ತು. ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರ್‌ನ ತುಂಡನ್ನು ಐಸ್ ನೀರಿನ ಲೋಟದಲ್ಲಿ ಅದ್ದಿ ಕ್ಯಾಮೆರಾಗಳ ಮುಂದೆಯೇ ಇದನ್ನು ತೋರಿಸಿದರು. ಕಾರಿನ ಬೀಡಿಂಗ್‌ಗೆ ಬಳಸುವ ಇಪಿಡಿಎಂ ಎಂಬ ರಬ್ಬರ್ ಮೈನಸ್ 40ರಲ್ಲೂ ಮೆತ್ತಗೇ ಇರುವಂಥದ್ದು.

ಇಂತಹ ಭಾಗಗಳಿರುವ ಕಾರುಗಳನ್ನು ಪರೀಕ್ಷಿಸಲು ಯುರೋಪಿನ ಕಂಪನಿಗಳು ಪ್ರತಿ ಚಳಿಗಾಲ ಸ್ವೀಡನ್ನಿನ ಆರ್ಯೆಪ್ಲೋಗ್ ಎಂಬ ಪುಟ್ಟ ಊರಿಗೆ ಹೋಗುತ್ತವೆ. ಅಲ್ಲಿನ ಹೆಪ್ಪುಗಟ್ಟಿದ ಕೆರೆಗಳೇ ಟೆಸ್ಟ್ ಟ್ರ್ಯಾಕ್. ಮರ್ಸಿಡಿಸ್‌ನ ಸಂಶೋಧನಾ ಕೇಂದ್ರವೊಂದು 1996ರಿಂದ ಬೆಂಗಳೂರಿನಲ್ಲೇ ಇದೆ. ಹಿಮ ಬೀಳದ ಊರಿನಲ್ಲಿ ಕೂತು ಹಿಮದಲ್ಲಿ ಓಡುವ ಕಾರುಗಳಿಗೆ ಕೆಲಸ ಮಾಡುವ ಕನ್ನಡಿಗರೂ ಇದ್ದಾರೆ ಎಂದಾಯಿತು.

ಲೇಹ್‌ಗೆ ಹೋಗುವವರಿಗೆ

ನಮ್ಮ ಕಡೆಯ ಕಾರು ನಿಜವಾದ ಐಸ್ ನೋಡುವುದು ಹೆಚ್ಚಾಗಿ ಮನಾಲಿ–ಲೇಹ್ ರಸ್ತೆಯಲ್ಲಿ. 4,200 ಮೀಟರ್‌ಗಿಂತ ಎತ್ತರದ ಸರ್ಚುವಿನಲ್ಲಿ ರಾತ್ರಿ ತಂಗಿದರೆ ಬೆಳಿಗ್ಗೆ ಬಾಗಿಲು ಅಂಟಿಕೊಂಡಿರುವ ಸಾಧ್ಯತೆ ಇದೆ. ಹೊಳೆ ದಾಟಿ ಒದ್ದೆಯಾದ ಕಾರನ್ನು ಹಾಗೇ ನಿಲ್ಲಿಸಬೇಡಿ. ಬಾಗಿಲು, ಡಿಕ್ಕಿ, ಟ್ಯಾಂಕ್ ಮುಚ್ಚಳದ ಅಂಚುಗಳನ್ನು ಒಣ ಬಟ್ಟೆಯಿಂದ ಒರೆಸಿ ಮಲಗಿ. ಡೀಸೆಲ್ ಕಾರಿನವರಿಗೆ ಮುಚ್ಚಳಕ್ಕಿಂತ ಒಳಗಿರುವುದೇ ದೊಡ್ಡ ಚಿಂತೆ: ಡೀಸೆಲ್‌ನಲ್ಲಿರುವ ಮೇಣದ ಅಂಶ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದಕ್ಕೇ 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದು ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು.

ಕಡೂರಿನಲ್ಲಿ ಹೆಪ್ಪುಗಟ್ಟುವುದು ಕೊಬ್ಬರಿ ಎಣ್ಣೆ

‘ನಮಗೆ ಐಸ್ ಇಲ್ಲವಲ್ಲ’ ಎನ್ನುವವರಿಗೆ ಒಂದು ಪ್ರಶ್ನೆ. ಕಿರುಗುಟ್ಟುವ ಕೀಲಿಗೆ, ಬಿಗಿಯಾದ ಬೀಗಕ್ಕೆ ಮನೆಯಲ್ಲಿ ಏನು ಬಿಡುತ್ತೀರಿ? ತೆಂಗಿನ ಸೀಮೆಯಲ್ಲವೇ, ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗತೊಡಗುತ್ತದೆ. ಜನವರಿಯ ಬೆಳಿಗ್ಗೆ ಬಾಟಲಿ ಬಿಸಿಲಿಗಿಟ್ಟು ತಲೆಗೆ ಹಚ್ಚಿಕೊಳ್ಳುವ ನಾವು, ಅದೇ ಎಣ್ಣೆಯನ್ನು ಸ್ಕೂಟರಿನ ಸೀಟ್ ಲಾಕಿಗೆ ಬಿಟ್ಟು, ‘ಚಳಿಗೆ ಲಾಕ್ ಹಿಡ್ಕೊಂಡಿದೆ’ ಎನ್ನುತ್ತೇವೆ.

ಹಿಡಿದುಕೊಂಡದ್ದು ಎಣ್ಣೆಯೇ ಇರಬಹುದು. ಅದಕ್ಕೆ ಧೂಳು ಸೇರಿದರೆ ಬೀಗದೊಳಗೆ ಅಂಟು ಕೆಸರಾಗುತ್ತದೆ. ಅಜ್ಜಂಪುರದ ಕಡೆ ಈರುಳ್ಳಿ ಸಾಗಿಸುವ ಗಾಡಿಗಳ ಹಿಂಬದಿ ಬಾಗಿಲಿನ ಕೊಂಡಿಗಳನ್ನು ನೋಡಿದರೆ ಎಣ್ಣೆ–ಧೂಳಿನ ಈ ಜೋಡಿ ಅರ್ಥವಾಗುತ್ತದೆ. ಬೀಗಕ್ಕೆ ಗ್ರಾಫೈಟ್ ಪುಡಿ, ರಬ್ಬರ್ ಬೀಡಿಂಗ್‌ಗೆ ಸಿಲಿಕೋನ್ ಸ್ಪ್ರೇ ಒಳ್ಳೆಯದು. ಗ್ರೀಸ್, ಎಂಜಿನ್ ಆಯಿಲ್ ತಗುಲಿದರೆ ಇಪಿಡಿಎಂ ರಬ್ಬರ್ ಊದಿಕೊಂಡು ಹಾಳಾಗುತ್ತದೆ, ಹಾಗಾಗಿ ಬೀಡಿಂಗ್‌ಗೆ ಅವು ಬೇಡ.

ಮಳೆಗಾಲದಲ್ಲಿ ತರೀಕೆರೆಯಿಂದ ಕೆಮ್ಮಣ್ಣುಗುಂಡಿ ಹತ್ತಿಳಿದು ಬಂದ ಮೇಲೆ ಟ್ಯಾಂಕ್ ಮುಚ್ಚಳದ ಗುಳಿಯ ತೂತನ್ನೂ ಬಾಗಿಲಿನ ತಳದ ಸಣ್ಣ ತೂತುಗಳನ್ನೂ ಒಮ್ಮೆ ನೋಡಿ. ಕೆಸರು ಕಟ್ಟಿದ್ದರೆ ನೀರು ಒಳಗೇ ನಿಲ್ಲುತ್ತದೆ. ಸ್ವೀಡನ್ನಿನಲ್ಲಿ ಅದು ಐಸ್ ಆಗುತ್ತಿತ್ತು, ಇಲ್ಲಿ ತುಕ್ಕಾಗುತ್ತದೆ.

ಎಲೆಕ್ಟ್ರಿಕ್ ಕಾರು ಹಿಮಕ್ಕೆ ಆಗುವುದಿಲ್ಲವೇ?

ಹಿಮದ ದೇಶ ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು 89 ಶೇಕಡ ಪೂರ್ತಿ ಎಲೆಕ್ಟ್ರಿಕ್. ಚಳಿಯಲ್ಲಿ ಅವುಗಳ ಮೈಲೇಜ್ ಕಡಿಮೆಯಾಗುತ್ತದೆ, ಚಾರ್ಜಿಂಗ್ ನಿಧಾನವಾಗುತ್ತದೆ. ಆದರೆ ಮುಚ್ಚಳ ಅಂಟುವುದಕ್ಕೂ ಕಾರು ಎಲೆಕ್ಟ್ರಿಕ್ ಆಗಿರುವುದಕ್ಕೂ ಸಂಬಂಧವಿಲ್ಲ, ಪೆಟ್ರೋಲ್ ಮುಚ್ಚಳವೂ ಹಾಗೇ ಅಂಟುತ್ತದೆ.

ಇನ್ನು, ಮೊದಲೇ ಹೇಳಿದ ಆ ನಿಜ. ಹೊಸ ಕಾರುಗಳಲ್ಲಿ ಬಾಗಿಲಿನ ಹ್ಯಾಂಡಲ್ ಬಾಡಿಯೊಳಗೇ ಅಡಗಿರುತ್ತದೆ. ನಮ್ಮ ತುಮಕೂರು–ಶಿವಮೊಗ್ಗ ಹೆದ್ದಾರಿಯಲ್ಲೂ ಇಂತಹ ಕಾರುಗಳು ಓಡುತ್ತಿವೆ: ಟಾಟಾ ಕರ್ವ್, ಮಹೀಂದ್ರಾ ಎಕ್ಸ್‌ಇವಿ 9ಇ, ಬಿಇ 6. ಪೆಟ್ರೋಲ್–ಡೀಸೆಲ್ಲಿನ ಎಕ್ಸ್‌ಯುವಿ 700ರಲ್ಲೂ ಇದೆ, ಹಾಗಾಗಿ ಇದು ಬರೀ ಎಲೆಕ್ಟ್ರಿಕ್ ಕಾರಿನ ವಿಷಯವಲ್ಲ. ಸಾಮಾನ್ಯ ಹ್ಯಾಂಡಲ್ ಅಂಟಿಕೊಂಡರೆ ಕೈಯಿಂದ ಹಿಡಿದು ಜಗ್ಗಬಹುದು. ಅಡಗಿದ ಹ್ಯಾಂಡಲ್ ಹೊರಗೇ ಬರದಿದ್ದರೆ ಹಿಡಿಯುವುದು ಏನನ್ನು? ಐಸ್ ಮಾತ್ರವಲ್ಲ, 12 ವೋಲ್ಟ್‌ನ ಸಣ್ಣ ಬ್ಯಾಟರಿ ಸತ್ತರೂ, ಅಪಘಾತದಲ್ಲಿ ವೈರಿಂಗ್ ಹರಿದರೂ ಕರೆಂಟ್ ನಂಬಿದ ಬಾಗಿಲು ಕೈಕೊಡಬಹುದು. ದೊಡ್ಡ ಬ್ಯಾಟರಿ ಇರುವ ಎಲೆಕ್ಟ್ರಿಕ್ ಕಾರಿನಲ್ಲೂ ಬಾಗಿಲಿನ ಬೀಗ ನಡೆಯುವುದು ಸಾಮಾನ್ಯವಾಗಿ ಈ ಸಣ್ಣ ಬ್ಯಾಟರಿಯಿಂದಲೇ.

ಇದು ಊಹೆಯ ಮಾತಲ್ಲ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಸುಮಾರು 1.74 ಲಕ್ಷ ಟೆಸ್ಲಾ ಮಾಡೆಲ್ ವೈ ಕಾರುಗಳ ಹ್ಯಾಂಡಲ್ ಬಗ್ಗೆ ಪ್ರಾಥಮಿಕ ತನಿಖೆ ಶುರುಮಾಡಿತು. ಮಕ್ಕಳು ಒಳಗಿರುವಾಗ ಹೊರಗಿನಿಂದ ಬಾಗಿಲು ತೆರೆಯಲಾಗದೆ ಪೋಷಕರು ಗಾಜು ಒಡೆಯಬೇಕಾಗಿ ಬಂದ ದೂರುಗಳಿದ್ದವು. ಚೀನಾ 2027ರ ಜನವರಿ 1ರಿಂದ ಹೊಸ ಮಾದರಿಯ ಕಾರುಗಳಲ್ಲಿ, ಕರೆಂಟ್ ಇಲ್ಲದಿದ್ದರೂ ಹೊರಗಿನಿಂದಲೂ ಒಳಗಿನಿಂದಲೂ ಕೈಯಲ್ಲೇ ತೆರೆಯುವ ವ್ಯವಸ್ಥೆ ಇರಲೇಬೇಕೆಂಬ ನಿಯಮ ತಂದಿದೆ. ಅಡಗಿದ ಹ್ಯಾಂಡಲ್‌ನಿಂದ ಗಾಳಿಯ ತಡೆ ಕಡಿಮೆಯಾಗುತ್ತದೆ ನಿಜ, ಆದರೆ ಆ ಲಾಭ ಬಹಳ ಸಣ್ಣದು. ನನ್ನ ಪ್ರಕಾರ ಅದಕ್ಕಾಗಿ ಇಷ್ಟು ತಲೆನೋವು ತಂದುಕೊಳ್ಳುವ ಅಗತ್ಯವಿರಲಿಲ್ಲ.

ನಿಮ್ಮ ಮನೆಯಲ್ಲಿ ಇಂತಹ ಕಾರಿದ್ದರೆ ಅದರ ಪುಸ್ತಕದಲ್ಲಿ ‘ಎಮರ್ಜೆನ್ಸಿ ರಿಲೀಸ್’ ಅಥವಾ ‘ಮ್ಯಾನುವಲ್ ರಿಲೀಸ್’ ಎಂಬ ಪುಟ ಹುಡುಕಿ. ಮುಂದಿನ ಬಾಗಿಲಿಗೆ ಒಳಗಿನಿಂದ ಎಳೆಯುವ ಲಿವರ್ ಎಲ್ಲಿದೆ, ಹೊರಗಿನಿಂದ ಕೀಲಿ ಹಾಕುವ ತೂತು ಎಲ್ಲಿ ಅಡಗಿದೆ, ಚಾರ್ಜಿಂಗ್ ಗನ್ ಸಿಕ್ಕಿಕೊಂಡರೆ ಬಿಡಿಸುವ ದಾರ ಡಿಕ್ಕಿಯೊಳಗೆ ಎಲ್ಲಿದೆ ಎಂದು ನೋಡಿಕೊಳ್ಳಿ. ಹಿಂದಿನ ಬಾಗಿಲಿನದನ್ನು ಮರೆಯಬೇಡಿ. ಕೆಲವು ಕಾರುಗಳಲ್ಲಿ ಅದು ಬಾಗಿಲಿನ ಜೇಬಿನ ತಳದಲ್ಲೋ ಮುಚ್ಚಳದ ಹಿಂದೆಯೋ ಇರುತ್ತದೆ, ಮಕ್ಕಳು ಕೂರುವುದು ಅಲ್ಲೇ. ಕಾರು ನಿಂತಿರುವಾಗ ಮನೆಯವರೆಲ್ಲರೂ ಒಂದೊಂದು ಸಲ ಅದನ್ನು ಎಳೆದು ಬಾಗಿಲು ತೆರೆದು ನೋಡಲಿ, ಕಾರು ಓಡಿಸದ ಅಜ್ಜಿಯೂ ಸೇರಿ.